ಕಾಯುವ ಆಟ, ಅಟ್ಟಿಸಿಕೊಂಡು ಬರುವ ಆಟ: ನಮ್ಮ ಜಗಲಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆಯ ಜಗಲಿಗೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಏಳೆಂಟು ಮಕ್ಕಳು ಬರುತ್ತಾರೆ. ಎರಡು ಹಳೆಯ ಲ್ಯಾಪ್‌ಟಾಪ್, ಒಂದು ಟ್ಯಾಬ್, ಅತ್ತೆಯವರ ಕಾಲದ ಒಂದು ಚೆನ್ನೆಮಣೆ (ಅಳಗುಳಿಮಣೆ), ಇಷ್ಟೇ ನಮ್ಮ ಬಂಡವಾಳ. ಆಟ ಆಡುತ್ತಾ ಕೋಡಿಂಗ್ ಕಲಿಯುವುದು, ಕಲಿಯದಿದ್ದರೆ ಸುಮ್ಮನೆ ಆಡುವುದು. ಮಕ್ಕಳಿಗೆ ಸಂಶಯವೇ ಇಲ್ಲ, ಅಪ್ಪ ಅಮ್ಮಂದಿರಿಗೆ ಮಾತ್ರ ತುಂಬ ಉಂಟು. ವಾಟ್ಸಾಪಿನಲ್ಲಿ ಒಂದೇ ಉತ್ತರವನ್ನು ಹತ್ತು ಸಲ ಟೈಪು ಮಾಡಿ ಬೆರಳು ಸೋತ ಮೇಲೆ ಇದನ್ನು ಬರೆದಿಟ್ಟಿದ್ದೇನೆ.

ಆಟ ಆಡಿದರೆ ನಿಜವಾಗಿ ಕೋಡಿಂಗ್ ಬರುತ್ತದಾ?

ಪೈಥಾನ್, ಜಾವಾದಂಥ ಕೋಡಿಂಗ್ ಭಾಷೆ ಬರುವುದಿಲ್ಲ. ಅದಕ್ಕೆ ಕೂತು ಬರೆಯಲೇ ಬೇಕು. ಆದರೆ ಒಂದು ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುವುದು, ತುಂಡುಗಳನ್ನು ಸರಿಯಾದ ಕ್ರಮದಲ್ಲಿ ಇಡುವುದು, ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ಹುಡುಕುವುದು, ಈ ಮೂರು ಅಭ್ಯಾಸ ಆಟದಲ್ಲಿ ಬರುತ್ತದೆ. ಮೂರನೆಯದು ಬಂದರೆ ಅರ್ಧ ಗೆದ್ದ ಹಾಗೆ.

ಇದು ಈಗಿನವರು ಕಂಡುಹಿಡಿದದ್ದಲ್ಲ. 1967ರಲ್ಲೇ ಅಮೆರಿಕದಲ್ಲಿ ಸೇಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್ಜೈಗ್ ಸೇರಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದರು. ಆಮೇಲೆ ಅದಕ್ಕೊಂದು ಆಮೆ ಬಂತು. ಮೊದಲು ನೆಲದ ಮೇಲೆ ತೆವಳುವ ಯಂತ್ರದ ಆಮೆ, ಮತ್ತೆ ಪರದೆಯ ಮೇಲಿನ ಆಮೆ. "ಮುಂದೆ 100, ಬಲಕ್ಕೆ 90" ಅಂದರೆ ಗೆರೆ ಎಳೆದು ತಿರುಗಿ ನಿಲ್ಲುತ್ತದೆ. ನಾಲ್ಕು ಸಲ ಹೇಳಿದರೆ ಚೌಕ ತಯಾರು. ಇವತ್ತಿಗೂ ಪೈಥಾನ್ ಜೊತೆ ಆ ಆಮೆ ಬರುತ್ತದೆ, ಬೇರೆ ಇಳಿಸಿಕೊಳ್ಳಬೇಕಾಗಿಲ್ಲ.

ನಾನು ಅದರಲ್ಲಿ ಮಕ್ಕಳಿಂದ ರಂಗೋಲಿ ಬರೆಸುತ್ತೇನೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಐದು ಮೂಲೆಯ ನಕ್ಷತ್ರ ಬೇಕಿತ್ತು. ಎಷ್ಟು ತಿರುಗಬೇಕೆಂದು ನಾನು ಹೇಳಲಿಲ್ಲ. 120 ಹಾಕಿದಳು, ತ್ರಿಕೋನ ಬಂತು. 150 ಹಾಕಿದಳು, ಐದು ಗೆರೆ ಮುಗಿದರೂ ತುದಿ ಕೂಡಲಿಲ್ಲ. 140ಕ್ಕೆ ಹತ್ತಿರ ಬಂತು, ಆದರೆ ಇನ್ನೂ ಸ್ವಲ್ಪ ಬಾಕಿ. 145, 143, ಕೊನೆಗೆ 144. ಗೆರೆ ಬಂದು ಮೊದಲ ಚುಕ್ಕಿಗೆ ಮುಟ್ಟಿದಾಗ ಅವಳು ಏನೂ ಹೇಳಲಿಲ್ಲ, ಅಳಿಸಿ ಮತ್ತೊಮ್ಮೆ ಓಡಿಸಿ ನೋಡಿದಳು. ಮುಂದಿನ ವಾರ ಬಂದವಳೇ, "ಅಕ್ಕಾ, ಐದು ಸಲ 144 ಅಂದ್ರೆ 720, ಅಂದ್ರೆ ಆಮೆ ಎರಡು ಸುತ್ತು ತಿರುಗಿದೆ" ಅಂದಳು. ನಾನು ಅದನ್ನು ಕಲಿಸಿರಲಿಲ್ಲ.

ಎಷ್ಟು ವಯಸ್ಸಿಗೆ ಯಾವ ಆಟ?

ಐದರಿಂದ ಏಳು ವರ್ಷಕ್ಕೆ ಸ್ಕ್ರ್ಯಾಚ್ ಜೂನಿಯರ್. ಅಕ್ಷರ ಓದಲು ಬರದಿದ್ದರೂ ಚಿತ್ರ ನೋಡಿ ಜೋಡಿಸಬಹುದು. ಎಂಟರ ಮೇಲೆ ಸ್ಕ್ರ್ಯಾಚ್. ಲೈಟ್‌ಬಾಟ್ ಕೂಡ ಆ ವಯಸ್ಸಿಗೆ ಒಳ್ಳೆಯದು. ಪುಟ್ಟ ರೋಬೋವನ್ನು ನಡೆಸಿ ನೀಲಿ ಚೌಕಗಳಲ್ಲಿ ದೀಪ ಹಚ್ಚಿಸಬೇಕು. ಆಜ್ಞೆ ಇಡಲು ಜಾಗ ಕಡಿಮೆ. ಆ ಕಡಿಮೆ ಜಾಗವೇ ಅದರ ಜಾಣತನ. ಜಾಗ ಸಾಲದೆ ಹೋದಾಗ ಮಗುವಿಗೆ ತಾನಾಗಿ ಹೊಳೆಯುತ್ತದೆ, ಮತ್ತೆ ಮತ್ತೆ ಬರುವ ಆಜ್ಞೆಗಳನ್ನು ಒಂದು ಗಂಟು ಕಟ್ಟಿ ಇಟ್ಟುಕೊಂಡು ಬೇಕಾದಾಗ ಕರೆಯಬಹುದು ಅಂತ. ಅದೇ ಫಂಕ್ಷನ್.

ಹನ್ನೆರಡರ ಮೇಲಿನವರಿಗೆ 2015ರಲ್ಲಿ ಬಂದ ಹ್ಯೂಮನ್ ರಿಸೋರ್ಸ್ ಮಷೀನ್. ಒಬ್ಬ ಗುಮಾಸ್ತ ಒಂದು ಕಡೆಯಿಂದ ಬರುವ ಪೆಟ್ಟಿಗೆ ಎತ್ತಿ, ನಾವು ಹೇಳಿದ ಹಾಗೆ ಲೆಕ್ಕ ಮಾಡಿ ಇನ್ನೊಂದು ಕಡೆ ಇಡಬೇಕು. ಮೇಲ್ನೋಟಕ್ಕೆ ಆಫೀಸಿನ ತಮಾಷೆ, ಒಳಗೆ ಇರುವುದು ಯಂತ್ರಕ್ಕೆ ತೀರಾ ಹತ್ತಿರದ ಅಸೆಂಬ್ಲಿ ಭಾಷೆಯ ಬಗೆ. ಮಣಿಪಾಲದಲ್ಲಿ ಕೆಲಸ ಮಾಡುವ ಒಬ್ಬರು ಮಗನನ್ನು ಕರೆದುಕೊಂಡು ಹೋಗಲು ಬಂದು, "ಇದು ನಮ್ಮ ಆಫೀಸಿನ ಹಾಗೇ ಉಂಟಲ್ಲ ಮಾರಾಯ್ರೆ" ಅಂತ ಪಕ್ಕದಲ್ಲೇ ಕೂತುಬಿಟ್ಟರು.

ಸ್ಕ್ರ್ಯಾಚ್ ಅಂದರೆ ಎಂತದು? ಎಲ್ಲರೂ ಅದನ್ನೇ ಹೇಳುತ್ತಾರಲ್ಲ?

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಕಟ್ಟಿ 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬಣ್ಣ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಂ ಆಯಿತು. ಕೂಡದ ತುಂಡುಗಳು ಸಿಕ್ಕಿಕೊಳ್ಳುವುದೇ ಇಲ್ಲ, ಹಾಗಾಗಿ ಸ್ಪೆಲ್ಲಿಂಗ್ ತಪ್ಪಿ ಅಳುವ ಪ್ರಸಂಗ ಇಲ್ಲ.

ನಮ್ಮ ಊರಿನ ಮಕ್ಕಳಿಗೆ ಅದನ್ನು ವಿವರಿಸುವುದು ಬಹಳ ಸುಲಭ. ಅದರ ಪರಿಭಾಷೆ ಪೂರ್ತಿ ನಾಟಕದ್ದು. ಪರದೆಗೆ ಅವರು ಸ್ಟೇಜ್ ಅನ್ನುತ್ತಾರೆ, ನಾವು ರಂಗಸ್ಥಳ ಅಂದುಕೊಳ್ಳುವುದು. ಒಂದೊಂದು ಪಾತ್ರಕ್ಕೂ ಕಾಸ್ಟ್ಯೂಮ್, ಅಂದರೆ ವೇಷ. ವೇಷಗಳೆಲ್ಲ ಇರುವ ಇನ್ನೊಂದು ಪುಟ ಉಂಟು, ಅದು ಚೌಕಿ, ಯಕ್ಷಗಾನದವರು ವೇಷ ಕಟ್ಟುವ ಜಾಗ. "ಚೌಕಿಗೆ ಹೋಗಿ ಬೆಕ್ಕಿಗೆ ಎರಡನೇ ವೇಷ ಹಾಕು" ಅಂದರೆ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಹುಡುಗನಿಗೆ ಬೇರೆ ವಿವರಣೆ ಬೇಡ. ರಂಗಸ್ಥಳ 480 ಅಗಲ, 360 ಎತ್ತರ, ನಟ್ಟನಡುವೆ ಸೊನ್ನೆ. ಎಡಕ್ಕೆ ಹೋದರೆ ಋಣಸಂಖ್ಯೆ. ಶಾಲೆಯಲ್ಲಿ ಗ್ರಾಫ್ ಹಾಳೆ ಬರುವ ಮೊದಲೇ ನಮ್ಮ ಮಕ್ಕಳಿಗೆ ಅದು ಗೊತ್ತಿರುತ್ತದೆ.

ಸ್ಕ್ರೀನ್ ಇಲ್ಲದೆ ಕಲಿಸಲಿಕ್ಕೆ ಆಗುವುದಿಲ್ವಾ?

ಆಗುತ್ತದೆ. ನನಗೆ ಕೇಳಿದರೆ ಶುರು ಅಲ್ಲಿಂದಲೇ ಆಗಬೇಕು.

ಒಂದು ಮಗು ಯಂತ್ರ, ಉಳಿದವರು ಆಜ್ಞೆ ಬರೆಯುವವರು. ಅಂಗಳದ ಈ ತುದಿಯಿಂದ ತುಳಸಿಕಟ್ಟೆಗೆ ಹೋಗಿ ಒಂದು ಸುತ್ತು ಬರಬೇಕು. ಯಂತ್ರ ಬರೆದದ್ದನ್ನು ಬಿಟ್ಟು ಇನ್ನೇನೂ ಮಾಡುವಂತಿಲ್ಲ. ಕಳೆದ ಏಪ್ರಿಲ್‌ನಲ್ಲಿ ಹೀಗೆ ಆಡಿಸುವಾಗ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೆವು. ಚೀಟಿಯಲ್ಲಿ "ಐದು ಹೆಜ್ಜೆ ಮುಂದೆ" ಅಂತಿತ್ತು. ಮೂರನೇ ಹೆಜ್ಜೆಗೆ ಚಾಪೆ. ಯಂತ್ರ ಮಹಾಶಯ ನಾಲ್ಕು, ಐದು ಅಂತ ಹಪ್ಪಳದ ಮೇಲೇ ನಡೆದ. ಅತ್ತೆ ಒಳಗಿನಿಂದ ಕೂಗುತ್ತಾ ಬಂದರೆ ಅವನದು ಒಂದೇ ಮಾತು: "ನಂಗೆ ನಿಲ್ಲು ಅಂತ ಯಾರೂ ಬರೀಲಿಲ್ಲ." ಆ ದಿನ ಮಕ್ಕಳು ತಾವಾಗಿಯೇ ಹೊಸ ಸಾಲು ಸೇರಿಸಿದರು: ಎದುರಿಗೆ ಚಾಪೆ ಇದ್ದರೆ ಬಲಕ್ಕೆ ತಿರುಗು. ಕಂಪ್ಯೂಟರ್ ಹೇಳಿದ್ದನ್ನು ಮಾಡುತ್ತದೆ, ಮನಸ್ಸಿನಲ್ಲಿ ಇದ್ದದ್ದನ್ನು ಮಾಡುವುದಿಲ್ಲ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಆಗದ ಕೆಲಸ ಒಂಬತ್ತು ಹಪ್ಪಳದಲ್ಲಿ ಆಯಿತು.

ಇನ್ನು ಚೆನ್ನೆಮಣೆ. ಏಳರ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ನಮ್ಮ ಬದಿಯ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು. ಆಟದ ಬಗೆ ಮನೆಯಿಂದ ಮನೆಗೆ ಬೇರೆ, ಆದರೆ ಈ ಹಾಕುತ್ತಾ ಹೋಗುವುದು ಎಲ್ಲದರಲ್ಲೂ ಉಂಟು. ಅದನ್ನೇ ಮಕ್ಕಳಿಂದ ಬರೆಸಿದರೆ ಹೀಗೆ:

ಕೈಯಲ್ಲಿ ಕಾಯಿ ಇರುವವರೆಗೆ,
ಮುಂದಿನ ಗುಳಿಗೆ ಹೋಗು,
ಒಂದು ಕಾಯಿ ಹಾಕು.
14ನೇ ಗುಳಿಯ ಮುಂದಿನ ಗುಳಿ 1.

ಇದು ಲೂಪ್, ಅಂದರೆ ಮತ್ತೆ ಮತ್ತೆ ಮಾಡುವ ಸುತ್ತು. ಎರಡನೆಯ ಮತ್ತು ಮೂರನೆಯ ಸಾಲನ್ನು ಅದಲು ಬದಲು ಮಾಡಿದರೆ ಎತ್ತಿದ ಗುಳಿಗೇ ಮೊದಲ ಕಾಯಿ ಬೀಳುತ್ತದೆ, ಇಡೀ ಆಟ ಒಂದು ಮನೆ ಹಿಂದೆ ಬೀಳುತ್ತದೆ. ಈ ಒಂದರ ತಪ್ಪು ಇಪ್ಪತ್ತು ವರ್ಷ ಕೋಡ್ ಬರೆದವರನ್ನೂ ಬಿಟ್ಟಿಲ್ಲ, ನಾನೂ ಸೇರಿ. ಕೊನೆಯ ಸಾಲು 14ರಿಂದ ಭಾಗಿಸಿ ಶೇಷ ಹಿಡಿಯುವ ಲೆಕ್ಕ. ಚೆನ್ನೆ ಆಡುವ ಅಜ್ಜಿ ಆ ಶೇಷವನ್ನು ಕಣ್ಣಲ್ಲೇ ಹಾಕುತ್ತಾರೆ. ಎತ್ತುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತು.

ಆಫ್ರಿಕಾದ ಅವಾರಿ ನಮ್ಮ ಚೆನ್ನೆಯ ಬಂಧು. 12 ಗುಳಿ, 48 ಕಾಯಿ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ ಆ ಆಟದ ಸುಮಾರು 88,900 ಕೋಟಿ ಸ್ಥಿತಿಗಳನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಇಬ್ಬರೂ ತಪ್ಪದೆ ಆಡಿದರೆ ಪಂದ್ಯ ಸಮ ಅಂತ ತೋರಿಸಿದರು. ಅತ್ತೆಗೆ ಇದನ್ನು ಹೇಳಿದೆ. "ತಪ್ಪದೆ ಆಡುವವರ ಜೊತೆ ಯಾರು ಆಡ್ತಾರೆ?" ಅಂದರು.

ಚೆನ್ನೆ ಆಡಿದರೆ ಮನೆಯಲ್ಲಿ ಜಗಳ ಅಂತಾರಲ್ಲ?

ಅಬ್ಬಗ ದಾರಗರ ಕತೆ ನಮಗೆಲ್ಲ ಗೊತ್ತು. ಸಿರಿ ಪಾಡ್ದನ ಎಂಬ ತುಳು ಹಾಡುಗತೆಯಲ್ಲಿ ಈ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂತು, ಮಾತಿಗೆ ಮಾತು ಬೆಳೆದು, ಅಬ್ಬಗ ಮಣೆಯಲ್ಲೇ ದಾರಗಳಿಗೆ ಹೊಡೆದುಬಿಡುತ್ತಾಳೆ. ಒಡಹುಟ್ಟಿದವರು ಚೆನ್ನೆ ಆಡಬಾರದು ಅನ್ನುವ ಮಾತು ಅಲ್ಲಿಂದ. ಆಟದಲ್ಲಿ ಸಿಟ್ಟು ಬರುವುದು ಮೊಬೈಲಿನ ಕಾಲದ ಕಾಯಿಲೆ ಅಂದುಕೊಂಡವರಿಗೆ ಇದನ್ನು ನೆನಪಿಸುತ್ತೇನೆ. ನಮ್ಮಲ್ಲಿ ಅಕ್ಕ ತಂಗಿ ಬಂದರೆ ಇಬ್ಬರನ್ನೂ ಒಂದೇ ಬದಿಗೆ ಕೂರಿಸುತ್ತೇನೆ. ನಂಬಿಕೆಗೂ ಆಯಿತು, ಶಾಂತಿಗೂ ಆಯಿತು.

ಮನಸ್ಸು ಶಾಂತ ಮಾಡುವ ಆಟ ಅಂತ ಹೇಳುತ್ತೀರಿ. ಮೊಬೈಲ್ ಆಟದಲ್ಲಿ ಎಂತ ಶಾಂತಿ?

ಹೆಚ್ಚಿನದರಲ್ಲಿ ಇಲ್ಲ, ಒಪ್ಪಿದೆ. ಆಟ ಆರಿಸುವಾಗ ನಾನು ನೋಡುವುದು ಒಂದನ್ನೇ: ಆಟ ನಮಗಾಗಿ ಕಾಯುತ್ತದಾ, ನಮ್ಮನ್ನು ಅಟ್ಟಿಸಿಕೊಂಡು ಬರುತ್ತದಾ? ಟ್ಯಾಬ್ ಕೆಳಗಿಟ್ಟು ಒಳಗೆ ಹೋಗಿ ಗಂಜಿ ಉಂಡು ಬಂದರೆ ಆಟ ಬಿಟ್ಟಲ್ಲೇ ಇರಬೇಕು. ಗಡಿಯಾರ ಓಡುತ್ತಿದ್ದರೆ, "ನಾಳೆ ಬರದಿದ್ದರೆ ಬಹುಮಾನ ಹೋಯಿತು" ಅಂತ ಹೆದರಿಸಿದರೆ, ಅದು ಅಟ್ಟಿಸುವ ಆಟ. ವಿಚಿತ್ರವೆಂದರೆ ಕೋಡಿಂಗ್ ಕಲಿಸುವ ಒಳ್ಳೆಯ ಆಟಗಳೂ ಇದೇ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಯೋಚಿಸಲು ಪುರುಸೊತ್ತು ಕೊಡದ ಆಟದಲ್ಲಿ ಯೋಚನೆ ಕಲಿಯುವುದು ಹೇಗೆ?

ಟೌನ್‌ಸ್ಕೇಪರ್ ಎಂಬ ಆಟ ನನಗೆ ಬಹಳ ಇಷ್ಟ. ಆಸ್ಕರ್ ಸ್ಟಾಲ್‌ಬರ್ಗ್ ಮಾಡಿದ್ದು, 2021ರಲ್ಲಿ ಪೂರ್ಣವಾಗಿ ಬಂತು. ನೀರಿನ ಮೇಲೆ ಮುಟ್ಟಿದರೆ ಪುಳಕ್ ಅಂತ ಒಂದು ಕಟ್ಟೆ ಏಳುತ್ತದೆ. ಇನ್ನೊಮ್ಮೆ ಮುಟ್ಟಿದರೆ ಅದರ ಮೇಲೆ ಮನೆ, ಮತ್ತೊಮ್ಮೆ ಮುಟ್ಟಿದರೆ ಮಾಳಿಗೆ. ಅಂಕ ಇಲ್ಲ, ಗೆಲುವು ಇಲ್ಲ, ಮುಗಿಯುವುದೂ ಇಲ್ಲ. ನಮ್ಮಲ್ಲೊಬ್ಬ ಹುಡುಗ ಮೂರು ವಾರ ಅದರಲ್ಲಿ ಮಲ್ಪೆ ಬಂದರು ಕಟ್ಟಿದ. ದೋಣಿ ಸಿಗಲಿಲ್ಲವೆಂದು ನೀರಿನಲ್ಲಿ ಒಂಟಿ ಕೆಂಪು ಮನೆಗಳನ್ನು ಇಟ್ಟು, "ಇವು ಬೋಟು" ಅಂದ. ಆಮೇಲೆ ಅವನಿಗೆ ಒಂದು ಸಂಗತಿ ಗೊತ್ತಾಯಿತು. ಸುತ್ತ ಮನೆ ಕಟ್ಟಿ ನಡುವೆ ಖಾಲಿ ಬಿಟ್ಟರೆ ಅಲ್ಲಿ ತಾನಾಗಿ ಹುಲ್ಲು ಹಸಿರು ಬರುತ್ತದೆ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಒಂದು ಗಂಟೆ ಕಟ್ಟಿ ಕೆಡವಿ ನೋಡಿದ. ಆಟ ಶಾಂತವಾಗಿತ್ತು, ಹುಡುಗ ಶಾಂತವಾಗಿದ್ದ, ನಡೆದದ್ದು ಮಾತ್ರ ಬೇರೊಬ್ಬರು ಬರೆದ ಪ್ರೋಗ್ರಾಮಿನ ನಿಯಮ ಹುಡುಕುವ ಕೆಲಸ.

ಮರಳಿನ ಮೇಲೆ ಜಾರುತ್ತಾ ಹೋಗುವ ಆಲ್ಟೋಸ್ ಒಡಿಸ್ಸಿಯಲ್ಲಿ ಜೆನ್ ಮೋಡ್ ಅಂತ ಉಂಟು. ಅದನ್ನು ಹಾಕಿದರೆ ಅಂಕ, ನಾಣ್ಯ ಎರಡೂ ಮಾಯ, ಬಿದ್ದರೂ ಎದ್ದು ಹೋಗುತ್ತಿರುವುದು. ಮಾನ್ಯುಮೆಂಟ್ ವ್ಯಾಲಿಯೂ ಹಾಗೆ ಕಾಯುವ ಜಾತಿಯದ್ದು.

ಆಟದಲ್ಲಿ ಮುಳುಗಿ ಊಟಕ್ಕೆ ಕರೆದರೂ ಕೇಳುವುದಿಲ್ಲ. ಇದು ಏಕಾಗ್ರತೆಯಾ, ಚಟವಾ?

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಃಶಾಸ್ತ್ರಜ್ಞರು ಈ ಮುಳುಗುವಿಕೆಗೆ ಫ್ಲೋ ಅಂತ ಹೆಸರಿಟ್ಟು 1970ರ ದಶಕದಿಂದ ಅಧ್ಯಯನ ಮಾಡಿದರು. ಕೆಲಸ ತೀರಾ ಸುಲಭವೂ ಅಲ್ಲ, ಕೈಗೆಟುಕದ್ದೂ ಅಲ್ಲ, ಸ್ವಲ್ಪ ತುದಿಗಾಲಲ್ಲಿ ನಿಂತರೆ ಸಿಗುವ ಹಾಗಿರುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಲ್ಲಿಗೆ ಕಟ್ಟುವವರನ್ನು ಶಂಕರಪುರದ ಕಡೆ ಹೋಗಿ ನೋಡಿ. ಬೆರಳು ಓಡುತ್ತಿರುತ್ತದೆ, ಕರೆದರೆ ಎರಡನೇ ಸಲಕ್ಕೆ ಕೇಳುತ್ತದೆ.

ನನ್ನ ಲೆಕ್ಕದಲ್ಲಿ ವ್ಯತ್ಯಾಸ ಕಾಣುವುದು ಆಟ ನಿಲ್ಲಿಸಿದ ಮೇಲೆ. ಎದ್ದ ಮಗು ತಾನು ಮಾಡಿದ್ದನ್ನು ನಿಮಗೆ ಹೇಳಲು ಬಂದರೆ ಒಳ್ಳೆಯದು. ಸಿಡುಕುತ್ತಾ, ಇನ್ನೊಂದು ಐದು ನಿಮಿಷ ಅಂತ ದಿನಾ ಜಗಳವಾದರೆ ಆಟವನ್ನು ಬದಲಿಸಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅಂತ ಒಂದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಶಾಲೆ, ಮನೆ, ನಿದ್ದೆ ಎಲ್ಲವೂ ಹಾಳಾಗುವಷ್ಟು ತೀವ್ರತೆ, ಸಾಮಾನ್ಯವಾಗಿ 12 ತಿಂಗಳಾದರೂ ಹಾಗೇ ಮುಂದುವರಿದಿರಬೇಕು. ಒಂದು ರಜೆಯಲ್ಲಿ ಹೆಚ್ಚು ಆಡಿದ್ದಕ್ಕೆ ಆ ಹೆಸರು ಇಡಬೇಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅಂತ ಅದೇ ಸಂಸ್ಥೆ 2019ರಲ್ಲಿ ಹೇಳಿದೆ. ನಾನು ಐದರ ಕೆಳಗಿನವರನ್ನು ಲ್ಯಾಪ್‌ಟಾಪಿನ ಹತ್ತಿರ ಬಿಡುವುದೇ ಇಲ್ಲ. ಅವರಿಗೆ ಮಂಜೊಟ್ಟಿ ಎಣಿಸುವ ಕೆಲಸ, ಅದೂ ಬಾಯಿಗೆ ಹಾಕದ ಹಾಗೆ ಒಬ್ಬರು ಕಾವಲು ಕೂತು.

ಮೈನ್‌ಕ್ರಾಫ್ಟ್?

ಚೌಕ ಚೌಕ ಜೋಡಿಸಿ ಲೋಕ ಕಟ್ಟುವ ಆಟ ಅದು. ಹೊಡೆದಾಟದ ಕಡೆ ಹೋಗದೆ ಕ್ರಿಯೇಟಿವ್ ಮೋಡಿನಲ್ಲಿ ರೆಡ್‌ಸ್ಟೋನ್ ಹಿಡಿದರೆ ಚಿನ್ನ. ರೆಡ್‌ಸ್ಟೋನ್ ಅಂದರೆ ಆ ಲೋಕದ ಕರೆಂಟು. 15 ಚೌಕ ಹೋಗುವಷ್ಟರಲ್ಲಿ ಬಲ ಮುಗಿಯುತ್ತದೆ. ಅಲ್ಲಿನ ಪಂಜಿಗೆ ಕರೆಂಟು ಕೊಟ್ಟರೆ ಆರುತ್ತದೆ, ತೆಗೆದರೆ ಉರಿಯುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಗೊತ್ತಾಯಿತಲ್ಲ, ಅದು ನಾಟ್ ಗೇಟ್, ಕೊಟ್ಟದ್ದನ್ನು ಉಲ್ಟಾ ಮಾಡಿ ಕೊಡುವ ಸರ್ಕ್ಯೂಟ್. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಅದರಿಂದ ಮನೆಯ ಗೇಟಿಗೆ ಬೀಗ ಮಾಡಿ, ಗುಪ್ತಸಂಖ್ಯೆ ಮರೆತು, ಗೋಡೆ ಒಡೆದು ಒಳಗೆ ಹೋದ.

ದೊಡ್ಡವರಿಗೆ? ಆಫೀಸಿನಿಂದ ಬಂದು ತಲೆ ಬಿಸಿಯಾಗಿರುತ್ತದೆ.

ಓಪಸ್ ಮ್ಯಾಗ್ನಮ್ ನೋಡಿ, 2017ರದ್ದು. ರಸವಾದದ ಯಂತ್ರ ಕಟ್ಟುವುದು. ಕೈಗಳು ಗೋಲಿ ಎತ್ತುತ್ತವೆ, ತಿರುಗಿಸುತ್ತವೆ, ಜೋಡಿಸುತ್ತವೆ. ಖರ್ಚು, ಸಮಯ, ಜಾಗ ಮೂರರಲ್ಲಿ ಯಾವುದನ್ನು ಕಡಿಮೆ ಮಾಡಬೇಕೆಂಬುದು ನಿಮ್ಮ ಇಷ್ಟ, ಹೇಗೆ ಮುಗಿಸಿದರೂ ಆಟ ಒಪ್ಪುತ್ತದೆ. ಕಟ್ಟಿದ ಮೇಲೆ ಅದು ತಿರುಗುವುದನ್ನು ಸುಮ್ಮನೆ ನೋಡುತ್ತಾ ಕೂರುವುದೇ ಒಂದು ಸುಖ, ಗಾಣ ತಿರುಗುವುದನ್ನು ನೋಡಿದ ಹಾಗೆ.

ಟೆಟ್ರಿಸ್ ಕೂಡ ಆಗಬಹುದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಮಾಡಿದ ಹಳೆಯ ಆಟ. ನನ್ನ ಪರೀಕ್ಷೆಯಲ್ಲಿ ಇದು ಫೇಲು, ತುಂಡುಗಳು ಬೀಳುತ್ತಲೇ ಇರುತ್ತವೆ, ಕಾಯುವುದಿಲ್ಲ. ಆದರೂ 2009ರಲ್ಲಿ ಆಕ್ಸ್‌ಫರ್ಡಿನ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು, ಭಯಾನಕ ದೃಶ್ಯ ನೋಡಿದವರಿಗೆ ಅರ್ಧ ಗಂಟೆಯ ನಂತರ ಟೆಟ್ರಿಸ್ ಆಡಿಸಿದರೆ ಆ ಚಿತ್ರಗಳು ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಕಡಿಮೆಯಾಯಿತೆಂದು ತೋರಿಸಿದರು. ಕಣ್ಣು, ಮನಸ್ಸು ಎರಡಕ್ಕೂ ಆಕಾರ ಹೊಂದಿಸುವ ಕೆಲಸ ಸಿಕ್ಕಿದಾಗ ಚಿಂತೆಗೆ ಕೂರಲು ಜಾಗ ಇರುವುದಿಲ್ಲ. ನಿಜವಾದ ಖಿನ್ನತೆ, ನಿದ್ದೆ ಇಲ್ಲದಿರುವುದು ಇದ್ದರೆ ಡಾಕ್ಟರರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ.

ನಮ್ಮಲ್ಲಿ ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ.

ಸಾಕು. ಲೈಟ್‌ಬಾಟ್ ಫೋನಿನ ಪರದೆಗೇ ಹೇಳಿ ಮಾಡಿಸಿದ ಹಾಗಿದೆ. ಸ್ಕ್ರ್ಯಾಚ್ ಫೋನಿನಲ್ಲಿ ಇಕ್ಕಟ್ಟು, ಬೆರಳಿನಡಿ ತುಂಡು ಕಾಣುವುದಿಲ್ಲ. ಟ್ಯಾಬ್ ಸಿಕ್ಕಿದರೆ ಇಳಿಸಿಟ್ಟುಕೊಳ್ಳಿ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಅದು ಎಷ್ಟು ದೊಡ್ಡ ಉಪಕಾರ ಅಂತ ನಿಮಗೆ ಹೇಳಬೇಕಾಗಿಲ್ಲ.

ದುಡ್ಡು ಎಷ್ಟು? ಆನ್‌ಲೈನ್ ಕೋರ್ಸಿಗೆ ಸೇರಿಸಬೇಕಾ?

ಇಲ್ಲಿಗೆ ಬರಲು ದುಡ್ಡಿಲ್ಲ. ಸ್ಕ್ರ್ಯಾಚ್, ಸ್ಕ್ರ್ಯಾಚ್ ಜೂನಿಯರ್, ಪೈಥಾನಿನ ಆಮೆ ಮೂರೂ ಉಚಿತ. ಕೋರ್ಸಿನ ವಿಷಯ ನನ್ನ ಬಾಯಿಂದ ಕೇಳಬೇಡಿ. ಕೆಲವು ವರ್ಷದ ಹಿಂದೆ ಒಂದು ಕಂಪನಿಯವರು ನನ್ನ ತಮ್ಮನ ಮಗಳಿಗೆ ಉಚಿತ ಪಾಠ ಅಂತ ಕರೆದು, ಅರ್ಧ ಗಂಟೆಯಲ್ಲಿ "ನಿಮ್ಮ ಮಗಳು ಅಸಾಮಾನ್ಯ ಪ್ರತಿಭೆ" ಅಂತ ಹೊಗಳಿ, ಅದೇ ಉಸಿರಿನಲ್ಲಿ ಸಾಲದ ಕಂತಿನ ಮಾತೆತ್ತಿದರು. ಪಕ್ಕದ ಮನೆಯ ಮಗುವೂ ಅದೇ ವಾರ ಅಸಾಮಾನ್ಯ ಪ್ರತಿಭೆಯಾಗಿತ್ತು.

ಫೋನಿನಲ್ಲಿ ನಿಮ್ಮ ಕಾರ್ಡಿನ ವಿವರ ಉಳಿಸಿಟ್ಟು ಮಗುವಿನ ಕೈಗೆ ಕೊಡಬೇಡಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಆಟದೊಳಗೆ ವಜ್ರ, ನಾಣ್ಯ ಮಾರುವ ಅಂಗಡಿ ಅದರಲ್ಲಿ ಬರುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ನಮ್ಮ ಮಗ ಕನ್ನಡ ಮೀಡಿಯಂ. ಕಷ್ಟವಾಗುತ್ತದಾ?

ಇಲ್ಲ. ಜಗಲಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ನಡೆಯುತ್ತದೆ. ಮೊದಲು ಕನ್ನಡದಲ್ಲಿ ಚೀಟಿ ಬರೆಸುತ್ತೇನೆ, ಮೇಲೆ ಚೆನ್ನೆಗೆ ಬರೆದ ಹಾಗೆ. ಇಫ್, ರಿಪೀಟ್, ವೈಲ್ ಅಂತ ಇಂಗ್ಲಿಷಿನ ಹತ್ತಿಪ್ಪತ್ತು ಪದ ಆಮೇಲೆ ಒಂದು ತಿಂಗಳಲ್ಲಿ ಬರುತ್ತದೆ. ಕ್ರಿಕೆಟ್ ಆಡುವಾಗ ಎಲ್‌ಬಿಡಬ್ಲ್ಯು ಅರ್ಥವಾಗಲಿಲ್ಲ ಅಂತ ಯಾರೂ ಬಿಟ್ಟಿಲ್ಲವಲ್ಲ.

ಮಾರ್ಕು ಹೆಚ್ಚಾಗುತ್ತದಾ?

ಗೊತ್ತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರನೇ ತರಗತಿ ಆಸುಪಾಸಿನಿಂದ ಕೋಡಿಂಗ್ ಕಲಿಸುವ ಮಾತು ಉಂಟು. ಅದಕ್ಕಾಗಿ ಕಳಿಸುವುದಾದರೆ ಬೇಡ.

ನನಗೆ 68 ವರ್ಷ. ಬರಬಹುದಾ?

ಬನ್ನಿ ಅಮ್ಮ. ಚೆನ್ನೆ ಆಡಲು ಬಂದರೆ ನಿಮ್ಮಿಂದ ಕಲಿಯುವವರು ಏಳು ಮಂದಿ ಇದ್ದಾರೆ.

ಮಳೆ ಜೋರಿದ್ದರೆ ಭಾನುವಾರ ಉಂಟಾ? ಡಿಸಿ ರಜೆ ಕೊಟ್ಟ ದಿನ ಕಳಿಸಬಹುದಾ?

ರೆಡ್ ಅಲರ್ಟ್ ಇದ್ದರೆ ಯಾರನ್ನೂ ಕಳಿಸಬೇಡಿ. ರಜೆ ಕೊಟ್ಟದ್ದು ಮಕ್ಕಳು ಮನೆಯಲ್ಲಿ ಇರಲಿ ಅಂತ, ನನ್ನ ಮನೆಗೆ ತೋಡು ದಾಟಿ ಬರಲಿ ಅಂತ ಅಲ್ಲ. ಸಾಧಾರಣ ಮಳೆಯಾದರೆ ಉಂಟು. ಆಟಿ ತಿಂಗಳು (ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಪೂರ್ತಿ ಚೆನ್ನೆ ಮಾತ್ರ, ಹೇಗೂ ಅದು ಚೆನ್ನೆಯ ತಿಂಗಳು, ಕರೆಂಟಿನ ಗ್ಯಾರಂಟಿಯೂ ಇಲ್ಲ. ಕೊಡೆಯನ್ನು ಹೊರಗೆ ಇಳಿಜಾರಿನಲ್ಲಿ ಇಡಿ, ಜಗಲಿಯ ಒಳಗೆ ತರಬೇಡಿ. ಹೋದ ವಾರ ಮೂರು ಕಪ್ಪು ಕೊಡೆ ಅದಲು ಬದಲಾಗಿದೆ, ಹಿಡಿಗೆ ಹೆಸರು ಕಟ್ಟಿ ಕಳಿಸಿ. ಮನೆಯಲ್ಲಿ ಮಂಜೊಟ್ಟಿ ಇದ್ದರೆ ಒಂದು ಹಿಡಿ ಕೊಟ್ಟು ಕಳಿಸಿ, ನಮ್ಮ 56ರಲ್ಲಿ ಈಗ 51 ಉಳಿದಿದೆ.